ನಕ್ಷೆಯಲ್ಲಿ ನಿಮ್ಮ ಹೋಟೆಲು ಹಿಂದಿನ ಗಲ್ಲಿಯಲ್ಲಿದೆ

ಪ್ರೀತಿಯ ಅಕ್ಕ,

ನನಗೀಗ 61 ವರ್ಷ. ಮುಲುಂಡ್ ಪಶ್ಚಿಮದಲ್ಲಿ ನಮ್ಮದೊಂದು ಉಡುಪಿ ಹೋಟೆಲ್ ಇದೆ. ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಪ್ಪ 1974ರಲ್ಲಿ ಇದನ್ನು ಶುರುಮಾಡಿದರು. ಎರಡು ವರ್ಷದಿಂದ ಧಂದೆ ಇಳಿಯುತ್ತಿದೆ. ಎದುರಿಗೆ ಹೊಸ ಕೆಫೆ ಬಂದಿದೆ. ತುಪ್ಪದ ಪುಡಿ ಇಡ್ಲಿಗೆ ಅಲ್ಲಿ ಭಾನುವಾರ ಕ್ಯೂ ನಿಲ್ಲುತ್ತಾರೆ, ಎಲ್ಲ ಇನ್‌ಸ್ಟಾಗ್ರಾಮ್ ನೋಡಿ ಬಂದ ಹುಡುಗರು. ನನ್ನ ಮಗ ಐರೋಲಿಯ ಕಂಪನಿ ಕೆಲಸ ಬಿಟ್ಟು ಹೋಟೆಲಿಗೆ ಬಂದು ಒಂದು ವರ್ಷವಾಯಿತು. ಅವನು ಒಂದು ಏಜೆನ್ಸಿಯವರನ್ನು ಕರೆತಂದಿದ್ದಾನೆ. ತಿಂಗಳಿಗೆ 30,000 ರೂಪಾಯಿಯಂತೆ, ಆರು ತಿಂಗಳ ಕರಾರು. ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ, 500 ಫೈವ್ ಸ್ಟಾರ್ ರಿವ್ಯೂ ತಾವೇ ಹಾಕಿಸುತ್ತಾರಂತೆ. ಅದಕ್ಕೆ ಎಫ್‌ಡಿ ಮುರಿಯಬೇಕು. ಬೇಡ ಎಂದೆ. "ಪಪ್ಪಾ, ನೀವಿನ್ನೂ ಅಜ್ಜನ ಕಾಲದಲ್ಲೇ ಇದ್ದೀರಿ" ಎಂದ. ಹತ್ತು ದಿನದಿಂದ ನಮ್ಮ ನಡುವೆ ಮಾತಿಲ್ಲ. ಅಪ್ಪ ಒಂದು ದಿನವೂ ಜಾಹೀರಾತು ಮಾಡಿದವರಲ್ಲ. ದುಡ್ಡು ಹೋದರೆ ಹೋಗಲಿ, ಮಗ ಉಳಿದರೆ ಸಾಕು ಅಂತಲೂ ರಾತ್ರಿ ಅನಿಸುತ್ತದೆ. ಏನು ಮಾಡಲಿ?

— ಹೆಸರು ಬೇಡ, ಮುಲುಂಡ್

ಅಣ್ಣ,

ಪತ್ರದ ಕೆಳಗೆ ಹೋಟೆಲಿನ ಹೆಸರು ಬರೆದು, ಇದೊಂದನ್ನು ಅಚ್ಚು ಹಾಕಬೇಡಿ ಎಂದಿದ್ದೀರಿ. ಹಾಕುವುದಿಲ್ಲ. ಆದರೆ ಆ ಹೆಸರು ಹಿಡಿದು ಕಳೆದ ಮಂಗಳವಾರ ನಿಮ್ಮಲ್ಲಿಗೆ ಬಂದು ಹೋದೆ. ಗಲ್ಲಾದಲ್ಲಿ ನೀವೇ ಇದ್ದಿರಿ. ಗುರುತು ಹೇಳಲಿಲ್ಲ, ಕ್ಷಮಿಸಿ. ಹೊಸ ಗಿರಾಕಿಗೆ ನಿಮ್ಮ ಹೋಟೆಲ್ ಹೇಗೆ ಸಿಗುತ್ತದೆ ಎಂದು ನೋಡಬೇಕಿತ್ತು.

ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ಯಾರನ್ನೂ ಕೇಳದೆ, ಫೋನಿನಲ್ಲಿ "ಪ್ಯೂರ್ ವೆಜ್ ನಿಯರ್ ಮಿ" ಎಂದು ಹಾಕಿದೆ. ಸಾಲಾಗಿ ಹೋಟೆಲುಗಳು ಬಂದವು. ಎದುರಿನ ಕೆಫೆ ಮೂರನೆಯದು. ನಿಮ್ಮದು ಕಾಣಲಿಲ್ಲ. ಆಮೇಲೆ ನಿಮ್ಮ ಹೋಟೆಲಿನ ಹೆಸರನ್ನೇ ಹಾಕಿದೆ. ಒಂದರ ಬದಲು ಎರಡು ಬಂದವು! ನಿಮ್ಮ ಬೋರ್ಡಿನ ಮೇಲೆ ಹಳೇ ಮುಂಬಯಿಯ ರೂಢಿಯಂತೆ "ಉಡಿಪಿ" ಎಂದಿದೆ. ನಕ್ಷೆಯಲ್ಲಿ ಒಂದು ಕಡೆ "ಉಡಿಪಿ", ಇನ್ನೊಂದು ಕಡೆ "ಉಡುಪಿ". ಒಂದರಲ್ಲಿರುವ ಲ್ಯಾಂಡ್‌ಲೈನ್ ನಂಬರಿಗೆ ಫೋನು ಮಾಡಿದರೆ ಆ ನಂಬರು ಅಸ್ತಿತ್ವದಲ್ಲೇ ಇಲ್ಲ. ಇನ್ನೊಂದರಲ್ಲಿ "ಮಂಗಳವಾರ ಮುಚ್ಚಿದೆ" ಎಂದು ಕೆಂಪಕ್ಷರದಲ್ಲಿತ್ತು. ನಾನು ನಿಂತದ್ದು ಮಂಗಳವಾರವೇ.

ಇರಲಿ ಎಂದು ಅದು ತೋರಿಸಿದ ದಾರಿಯಲ್ಲೇ ನಡೆದೆ. ಅದು ನನ್ನನ್ನು ಕಟ್ಟಡದ ಹಿಂದಿನ ಗಲ್ಲಿಗೆ, ಸ್ಕೂಟರ್ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿತು. ತಲೆಯ ಮೇಲೆ ನಿಮ್ಮ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ತಿರುಗುತ್ತಿತ್ತು. ಇಂಗು, ಕರಿಬೇವಿನ ಒಗ್ಗರಣೆಯ ಘಮ ಮೂಗಿಗೆ ಬಡಿಯುತ್ತಿತ್ತು, ಬಾಗಿಲು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡ ಹುಡುಗನೊಬ್ಬ ನನ್ನ ಮುಖ ನೋಡಿ, "ಅಣ್ಣಾ ಕಾ ಹೋಟೆಲ್? ಆಗೇ ಸೇ ಜಾವೋ" ಎಂದ. ಅವನ ದನಿ ಕೇಳಿದರೆ ದಿನಕ್ಕೆ ಹತ್ತು ಜನಕ್ಕೆ ಹೀಗೆ ಹೇಳುತ್ತಾನೆ ಅನಿಸಿತು. ಅವನ ಹತ್ತಿರ ದಾರಿ ಕೇಳದೆ ಹಾಗೇ ತಿರುಗಿ ಹೋದವರ ಲೆಕ್ಕ ಯಾರ ಬಳಿಯೂ ಇಲ್ಲ.

ಅಣ್ಣ, ನಿಮ್ಮ ಧಂದೆ ಇಳಿದದ್ದಕ್ಕೆ ಇದೊಂದೇ ಕಾರಣ ಎನ್ನಲಾರೆ. ಆದರೆ 1,80,000 ರೂಪಾಯಿ ಕೊಡುವ ಮೊದಲು ಒಂದು ಪೈಸೆ ಖರ್ಚಿಲ್ಲದೆ ಸರಿಮಾಡಬಹುದಾದದ್ದು ಇಷ್ಟಿದೆ.

ಮೊದಲು ಏಜೆನ್ಸಿಯವರ ಮಾತಿಗೆ ಬರುತ್ತೇನೆ. ಮೊದಲ ಸ್ಥಾನ ಗ್ಯಾರಂಟಿ ಎಂದರೆ ಅಲ್ಲೇ ಮಾತು ನಿಲ್ಲಿಸಿ. ಮೊದಲ ಸ್ಥಾನವನ್ನು ಯಾರೂ ಖಾತ್ರಿ ಕೊಡಲು ಸಾಧ್ಯವಿಲ್ಲ ಎಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ನಕ್ಷೆಯಲ್ಲಿ ಹೋಟೆಲುಗಳನ್ನು ಮೇಲೆ ಕೆಳಗೆ ಮಾಡುವಾಗ ತಾನು ಮುಖ್ಯವಾಗಿ ಮೂರು ಸಂಗತಿ ನೋಡುತ್ತೇನೆಂದೂ ಅದು ಹೇಳುತ್ತದೆ. ಹುಡುಕಿದ್ದಕ್ಕೂ ನಿಮ್ಮಲ್ಲಿರುವುದಕ್ಕೂ ಎಷ್ಟು ಹೊಂದಿಕೆ, ಹುಡುಕುವವರು ನಿಂತ ಜಾಗದಿಂದ ನೀವೆಷ್ಟು ದೂರ, ನಿಮ್ಮ ಹೆಸರು ಎಷ್ಟು ಜನಕ್ಕೆ ಗೊತ್ತು. ದುಡ್ಡು ಕೊಟ್ಟು ಈ ಪಟ್ಟಿಯಲ್ಲಿ ಮೇಲೇರಲು ಬರುವುದಿಲ್ಲ. ಭಾಂಡುಪಿನಲ್ಲಿ ನಿಂತು ಹುಡುಕುವವರಿಗೆ ಕಾಣುವ ಪಟ್ಟಿ ಬೇರೆ, ನಿಮ್ಮ ರಸ್ತೆಯ ತುದಿಯಲ್ಲಿ ನಿಂತವರಿಗೆ ಕಾಣುವುದು ಬೇರೆ. ಹೀಗಿರುವಾಗ ಯಾರ ಫೋನಿನಲ್ಲಿ, ಎಲ್ಲಿ ನಿಂತರೆ ಮೊದಲ ಸ್ಥಾನ? ಪಟ್ಟಿಯ ಮೇಲ್ಗಡೆ "ಸ್ಪಾನ್ಸರ್ಡ್" ಎಂಬ ಗುರುತಿನೊಡನೆ ಬರುವುದು ಜಾಹೀರಾತು. ಅದನ್ನೇ ತೋರಿಸಿ "ನೋಡಿ, ಮೊದಲು ಬಂದಿರಿ" ಎನ್ನುವವರಿದ್ದಾರೆ. ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ.

ಇನ್ನು ಆ 500 ರಿವ್ಯೂ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಬೇಡವೇ ಬೇಡ. ಕೊಂಡ ರಿವ್ಯೂ ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ರಿವ್ಯೂಗಳು ಹೋಗುತ್ತವೆ, ಕೆಲವು ಕಾಲ ಹೊಸದು ಬರದಂತೆ ತಡೆಯುತ್ತಾರೆ, ಇಲ್ಲಿ ಸುಳ್ಳು ರಿವ್ಯೂ ತೆಗೆಯಲಾಗಿದೆ ಎಂಬ ಎಚ್ಚರಿಕೆಯನ್ನು ನಿಮ್ಮ ಹೆಸರಿನ ಕೆಳಗೇ ಹಾಕಬಹುದು. ನಮ್ಮ ದೇಶದಲ್ಲೂ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಒಂದು ಮಾನಕ ತಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ನಾನು ಬೇಡ ಎನ್ನುವುದು ದಂಡದ ಹೆದರಿಕೆಗಲ್ಲ. ನಿಮ್ಮ ಎರಡು ಪುಟಗಳಲ್ಲಿ ಸೇರಿ 212 ನಿಜವಾದ ರಿವ್ಯೂ ಇವೆ. ಕೂತು ಅಷ್ಟನ್ನೂ ಓದಿದೆ. ಕೆನಡಾಕ್ಕೆ ಹೋಗಿ ನೆಲೆಸಿದ ಹೆಂಗಸೊಬ್ಬರು, ಊರಿಗೆ ಬಂದಾಗೆಲ್ಲ ವಿಮಾನ ನಿಲ್ದಾಣದಿಂದ ನೇರ ಇಲ್ಲಿಗೇ ಬರುತ್ತೇನೆ, ಪೈನಾಪಲ್ ಶೀರಾ ನನ್ನ ಶಾಲೆಯ ದಿನಗಳ ರುಚಿಯಲ್ಲೇ ಇದೆ ಎಂದು ಬರೆದಿದ್ದಾರೆ. ಅಂಥ ಮಾತಿನ ಪಕ್ಕದಲ್ಲಿ "ನೈಸ್ ಫುಡ್, ಗುಡ್ ಸರ್ವಿಸ್" ಎಂಬ 500 ಬಾಡಿಗೆ ಸಾಲು ತುಂಬಿದರೆ ಓದುವವರು ಆ ಹೆಂಗಸಿನ ಮಾತನ್ನೂ ನಂಬುವುದಿಲ್ಲ. ಅದು ನಿಮ್ಮ ಐವತ್ತು ವರ್ಷದ ಗಳಿಕೆ.

ಅದೇ ರಿವ್ಯೂಗಳಲ್ಲಿ ಇನ್ನೊಂದು ವಿಷಯ ಕಂಡಿತು. ಕೈ ತೊಳೆಯುವ ಜಾಗದ ಬಗ್ಗೆ ಏಳು ಜನ ದೂರಿದ್ದಾರೆ. ನಾನೂ ಹೋಗಿ ನೋಡಿದೆ. ಎಡಗಡೆಯ ನಲ್ಲಿಗೆ ಬಟ್ಟೆ ಸುತ್ತಿದೆ, ಕನ್ನಡಿಯ ಮೇಲಿನ ಟ್ಯೂಬ್‌ಲೈಟು ಮಿಟುಕುತ್ತಿದೆ. ಎಫ್‌ಡಿ ಮುರಿಯದೆ ಈ ವಾರವೇ ಆಗುವ ಕೆಲಸ. ಹೆಸರು ಎಂದು ಗೂಗಲ್ ಕರೆಯುವುದರ ಒಂದು ತುದಿ ಆ ನಲ್ಲಿಯಲ್ಲೂ ಇದೆ.

ಈಗ ಮಾಡಬೇಕಾದದ್ದು. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದು ಪುಕ್ಕಟೆ. ನಕ್ಷೆಯಲ್ಲಿರುವ ನಿಮ್ಮ ಪುಟ "ನಮ್ಮದು" ಎಂದು ಹೇಳಿ, ಅವರು ಕೇಳಿದಂತೆ ಬೋರ್ಡು, ಒಳಗಿನ ಜಾಗದ ವಿಡಿಯೊ ತೆಗೆದು ಕಳಿಸಿಯೋ, ಫೋನಿಗೆ ಬರುವ ಸಂಖ್ಯೆ ಹಾಕಿಯೋ ರುಜುವಾತು ಮಾಡಿಕೊಳ್ಳಬೇಕು. ಎರಡು ಪುಟಗಳನ್ನು ಒಂದು ಮಾಡಲು ಅರ್ಜಿ ಹಾಕಿ. ಹೆಸರನ್ನು ಬೋರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಹೆಸರಿನ ಹಿಂದೆ ಮುಂದೆ "ಬೆಸ್ಟ್ ಪ್ಯೂರ್ ವೆಜ್ ಮುಲುಂಡ್" ಎಂದೆಲ್ಲ ಅಂಟಿಸಲು ಯಾರಾದರೂ ಹೇಳಿದರೆ ಕೇಳಬೇಡಿ, ಅದೂ ನಿಯಮಕ್ಕೆ ವಿರುದ್ಧ. ಗುಂಡುಸೂಜಿಯ ಗುರುತನ್ನು ಗ್ಯಾರೇಜಿನಿಂದ ಎಳೆದು ನಿಮ್ಮ ಮುಂಬಾಗಿಲಿಗೆ ತನ್ನಿ. ವೇಳೆ ಸರಿಮಾಡಿ. ಗಣೇಶ ಚತುರ್ಥಿಗೆ, ದೀಪಾವಳಿಗೆ ಯಾವಾಗ ಮುಚ್ಚುತ್ತೀರಿ ಎಂಬುದನ್ನು ಮುಂಚೆಯೇ ಹಾಕಿಡಬಹುದು.

ತಿಂಡಿಯ ಪಟ್ಟಿ ಹಾಕುವಾಗ ಸ್ವಲ್ಪ ಯೋಚಿಸಿ. ನಾನು ಕೂತ ಮೇಜಿನ ಪಕ್ಕದಲ್ಲಿ ಗುಜರಾತಿ ಕುಟುಂಬವೊಂದಿತ್ತು. ನಿಮ್ಮ ಸಪ್ಲೈಯರ್ ಹುಡುಗ ಕೇಳುವ ಮೊದಲೇ "ಜೈನ್ ಸಾಂಬಾರ್ ಹೈ, ಭಾಭೀ" ಎಂದ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ ಸಾಂಬಾರು, ಪಲ್ಯ ನಿಮ್ಮಲ್ಲಿ ದಿನವೂ ಆಗುತ್ತದೆ. ಮುಲುಂಡಿನಲ್ಲಿ ಅದನ್ನು ಹುಡುಕುವ ಮನೆಗಳು ಎಷ್ಟಿಲ್ಲ! ಅದು ನಿಮ್ಮ ಪುಟದಲ್ಲಿ ಎಲ್ಲೂ ಇಲ್ಲ. ನೀರುದೋಸೆ ಇದೆ, ಗುರುವಾರ ಪತ್ರೊಡೆ ಇದೆ ಎಂದು ಗೋಡೆಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿದೆ, ಫೋನಿನಲ್ಲಿಲ್ಲ. ಹೊಂದಿಕೆ ಎಂದು ಗೂಗಲ್ ಹೇಳುವುದು ಇದನ್ನೇ. ನಿಮ್ಮಲ್ಲಿ ಇರುವುದನ್ನು, ಕೇಳುವವರು ಕೇಳುವ ಮಾತಿನಲ್ಲಿ ಬರೆದಿಡುವುದು. ಮರಾಠಿಯಲ್ಲಿ, ಗುಜರಾತಿಯಲ್ಲಿ, ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡದಲ್ಲೂ ಒಂದು ಸಾಲು ಇರಲಿ, ನಮ್ಮವರ ಕಣ್ಣಿಗೆ ಬಿದ್ದರೆ ಆಗುವ ಖುಷಿ ಬೇರೆಯೇ.

ಈಗ ಪುಟದಲ್ಲಿ ಮೊದಲು ಕಾಣುವ ಫೋಟೊ ಯಾವುದು ಗೊತ್ತೇ? ಯಾರೋ ಗಿರಾಕಿ ತಿಂದು ಬಿಟ್ಟ ತಟ್ಟೆ. ಚಟ್ನಿ ಒಣಗಿದೆ, ಪಕ್ಕದಲ್ಲಿ ಮುದ್ದೆ ಮಾಡಿದ ಕಾಗದ. ಆ ಹೊತ್ತಿಗೆ ನಾಲ್ಕು ಹೆಜ್ಜೆಯಾಚೆ ನಿಮ್ಮ ಭಟ್ಟರು ಕಾದ ಕಲ್ಲಿಗೆ ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಹಿಡಿಯಿಂದ ಚುಂಯ್ ಎಂದು ಗುಡಿಸಿ, ಬಟ್ಟಲಿನ ತಳದಿಂದ ಒಂದೇ ಸುತ್ತಿಗೆ ಹಿಟ್ಟು ಹರಡುತ್ತಿದ್ದರು. ಅಂಚು ಕಂದುವ ಮೊದಲೇ ಮುಂದಿನದಕ್ಕೆ ಕೈ ಹೋಗುತ್ತಿತ್ತು. ನಾನು ಕಾಫಿ ಆರಿಸಿಕೊಂಡು ಅದನ್ನೇ ನೋಡುತ್ತ ಕೂತೆ. ಎದುರಿನ ಕೆಫೆಯವರು ರೀಲ್ಸ್ ಮಾಡಲು ದುಡ್ಡು ಕೊಟ್ಟು ಕರೆಸುವುದು ಇಂಥ ನೋಟ ಸಿಗಲಿ ಎಂದೇ. ನಿಮ್ಮಲ್ಲಿ ಅದು ಬೆಳಗಿನ ಆರರಿಂದ ನಡೆಯುತ್ತಿದೆ. ಮಗನ ಫೋನು ಸಾಕು. ಹಾಡು ಹಾಕುವುದು ಬೇಡ, ಕಲ್ಲಿನ ಸದ್ದೇ ಇರಲಿ. ಭಟ್ಟರನ್ನು ಮೊದಲು ಕೇಳಿ. ಮುಖ ತೋರಿಸಲು ಅವರಿಗೆ ಮನಸ್ಸಿಲ್ಲದಿದ್ದರೆ ಕೈ ಮಾತ್ರ ಬರಲಿ. ವಾರಕ್ಕೆ ಒಂದು ವಿಡಿಯೊ ಸಾಕು, ಆದರೆ ಪ್ರತಿ ವಾರ ಬರಬೇಕು. ವ್ಲಾಗರ್ ಎಂದು ಯಾರಾದರೂ ಬಂದು ಹಣ ಕೇಳಿದರೆ, ಹಣ ಪಡೆದು ಮಾಡಿದ ವಿಡಿಯೊದಲ್ಲಿ ಅದು ಜಾಹೀರಾತು ಎಂದು ಹೇಳಲೇಬೇಕೆಂಬ ನಿಯಮ ಇದೆ ಎಂದು ನೆನಪಿಸಿ. ಬಹಳ ಜನ ಅಲ್ಲಿಗೇ ಎದ್ದು ಹೋಗುತ್ತಾರೆ.

ಅಪ್ಪ ಜಾಹೀರಾತು ಮಾಡಲಿಲ್ಲ ಎಂದು ಬರೆದಿದ್ದೀರಿ. ಮಾಡಿದ್ದರು, ಅಣ್ಣ. ಬೋರ್ಡಿನಲ್ಲಿ ಊರಿನ ಹೆಸರು ಹಾಕಿದ್ದೇ ಒಂದು ಜಾಹೀರಾತು. ಆ ಹೆಸರು ಕಂಡರೆ ಮಡಿ, ರುಚಿ, ಬೆಲೆ ಮೂರೂ ಹೀಗಿರುತ್ತವೆ ಎಂದು ಮುಂಬಯಿಯ ಮರಾಠಿಗರಿಗೂ ಗುಜರಾತಿಗಳಿಗೂ ಗೊತ್ತಿತ್ತು. ಮಾಟುಂಗಾದಲ್ಲಿ ರಾಮಾಶ್ರಯ 1939ರದ್ದು, ಕೆಫೆ ಮದ್ರಾಸ್ 1940ರದ್ದು, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಫೋನು ಬರುವ ಎಷ್ಟೋ ಮೊದಲೇ ಅಲ್ಲಿ ಜನ ಕಾದು ನಿಂತು ತಿನ್ನುತ್ತಿದ್ದರು. ಲೋಕಲ್ ಟ್ರೇನಿನ ಡಬ್ಬದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು, ಅಷ್ಟು ಸಾಕಾಗುತ್ತಿತ್ತು. ಇವತ್ತು ಅದೇ ಡಬ್ಬದಲ್ಲಿ ಎಲ್ಲರೂ ಫೋನು ನೋಡುತ್ತ ನಿಂತಿರುತ್ತಾರೆ. ಹೇಳುವ ಮಾತು ಆ ಫೋನಿನೊಳಗೆ ಹೋಗಿದೆ, ಅಷ್ಟೇ. ಇನ್ನು ಸಂಘದ ಸ್ಮರಣ ಸಂಚಿಕೆಗೆ, ಯಕ್ಷಗಾನದ ಕರಪತ್ರಕ್ಕೆ ನೀವು ವರ್ಷ ವರ್ಷ "ಶುಭ ಕೋರುವವರು" ಎಂದು ಕೊಡುತ್ತೀರಲ್ಲ, ಅದನ್ನು ನಿಲ್ಲಿಸಬೇಡಿ. ಅದನ್ನು ನೋಡಿ ಯಾರೂ ದೋಸೆಗೆ ಬರುವುದಿಲ್ಲ, ಆದರೆ ಅದು ನಂಟಿನ ಲೆಕ್ಕ. ಧಂದೆಯ ಲೆಕ್ಕದ ಪುಸ್ತಕ ಬೇರೆ ಇರಲಿ.

ಒಂದು ಮಾತನ್ನು ಅನುಭವದಿಂದ ಹೇಳುತ್ತೇನೆ. ನನ್ನ ತಂಗಿ ಡೊಂಬಿವಲಿಯಲ್ಲಿ ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಕೊಡುತ್ತಾಳೆ. ಒಬ್ಬರಿಗೆ ತಿಂಗಳ ಹಣ ಕೊಟ್ಟು ಫೇಸ್‌ಬುಕ್ ಪುಟ, ಗೂಗಲ್ ಪುಟ ಎಲ್ಲ ಮಾಡಿಸಿದಳು. ಕೆಲಸ ಕೆಟ್ಟದಾಗೇನೂ ಇರಲಿಲ್ಲ. ಎರಡು ವರ್ಷದ ಮೇಲೆ ದರ ಏರಿಸಿದರು, ಇವಳು ಬಿಡುತ್ತೇನೆ ಎಂದಳು. ಆಗ ಗೊತ್ತಾಯಿತು, ಎಲ್ಲ ಪುಟಗಳ ಒಡೆತನ ಅವರ ಇಮೇಲಿನಲ್ಲಿತ್ತು. ಎರಡು ವರ್ಷದ ಫೋಟೊ, ಗಿರಾಕಿಗಳ ಮಾತು, ವಿಚಾರಿಸಿದವರ ನಂಬರು ಎಲ್ಲವೂ ಅವರ ಕೈಲಿ. ಅವಳು ಸೊನ್ನೆಯಿಂದ ಶುರುಮಾಡಿದಳು. ಆ ರಾತ್ರಿ ಅವಳು ಅತ್ತದ್ದು ನನಗೆ ಮರೆತಿಲ್ಲ.

ಆದ್ದರಿಂದ ಗಲ್ಲಾದ ಕೀಲಿಯನ್ನು ನೀವು ಯಾರಿಗೂ ಬಿಟ್ಟುಕೊಡದಂತೆ ಇದನ್ನೂ ಬಿಡಬೇಡಿ. ಹೋಟೆಲಿನ ಹೆಸರಲ್ಲಿ ಒಂದು ಇಮೇಲ್ ಮಾಡಿಸಿ. ಪುಟಗಳ ಒಡೆಯರಾಗಿ ನೀವು, ಮಗ ಇಬ್ಬರೂ ಇರಿ. ಹೊರಗಿನವರು ಯಾರೇ ಕೆಲಸಕ್ಕೆ ಬಂದರೂ ಅವರಿಗೆ ಮ್ಯಾನೇಜರ್ ಹಕ್ಕು ಮಾತ್ರ ಕೊಡಲು ಅದರಲ್ಲೇ ಅವಕಾಶವಿದೆ. ಮುಂದೆ ವೆಬ್‌ಸೈಟ್ ಮಾಡಿಸಿದರೆ ಅದರ ವಿಳಾಸ ನಿಮ್ಮ ಹೆಸರಿನಲ್ಲೇ ನೋಂದಣಿಯಾಗಲಿ. ಜಾಹೀರಾತು ಹಾಕುವುದಿದ್ದರೆ ಹಣ ನಿಮ್ಮ ಕಾರ್ಡಿನಿಂದ ನೇರ ಗೂಗಲ್‌ಗೋ ಫೇಸ್‌ಬುಕ್‌ಗೋ ಹೋಗಲಿ, ನಡುವಿನವರಿಗೆ ಅವರ ಕೂಲಿ ಬೇರೆ. "ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಪುಟ ಬಂದ್ ಆಗುತ್ತದೆ, ಈಗ ಬಂದ ಒಟಿಪಿ ಹೇಳಿ" ಎಂದು ಫೋನು ಬಂದರೆ ಇಟ್ಟುಬಿಡಿ. ಗಲ್ಲಾದಲ್ಲಿ ಕೂರುವ ಎಲ್ಲರಿಗೂ ಇದನ್ನು ಹೇಳಿರಿ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು.

ವಾಟ್ಸ್ಆ್ಯಪ್ ಬಿಸಿನೆಸ್ ಕೂಡ ಪುಕ್ಕಟೆ. ಡೆಲಿವರಿ ಆ್ಯಪಿನವರ ಕಮಿಷನ್ ಕೊಟ್ಟು ಪಾರ್ಸೆಲ್ ಕಳಿಸುವುದು ನಡೆಯಲಿ, ಆದರೆ ಸುತ್ತಲಿನ ಸೊಸೈಟಿಗಳ ಭಾನುವಾರದ ತಿಂಡಿಯ ಆರ್ಡರು ನೇರ ನಿಮಗೇ ಬರಬಹುದು. ವಾಟ್ಸ್ಆ್ಯಪಿನ ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಹಾಗಾಗಿ ಬಿಲ್ಲು ಕೊಡುವಾಗ ಬಾಯಿಬಿಟ್ಟು ಕೇಳಿ, ಒಪ್ಪಿದವರಿಗೆ ಮಾತ್ರ ಕಳಿಸಿ.

ಏಜೆನ್ಸಿ ಎಂದರೇ ಮೋಸ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕೆಲಸಗಾರರಿದ್ದಾರೆ. ಮೇಲಿನದನ್ನೆಲ್ಲ ಮೂರು ತಿಂಗಳು ನೀವೇ ಮಾಡಿ. ಗಲ್ಲಾದ ಪಕ್ಕ ಒಂದು ನೋಟ್‌ಪುಸ್ತಕ ಇಟ್ಟು ಹೊಸ ಮುಖ ಕಂಡಾಗ "ಹೇಗೆ ಗೊತ್ತಾಯಿತು ನಮ್ಮ ಹೋಟೆಲು?" ಎಂದು ಕೇಳಿ ಗೆರೆ ಎಳೆಯಿರಿ. ಎಷ್ಟು ಜನ ದಾರಿ ಕೇಳಿದರು, ಎಷ್ಟು ಜನ ಫೋನು ಒತ್ತಿದರು ಎಂಬುದನ್ನು ಗೂಗಲ್ ಪುಟವೇ ತೋರಿಸುತ್ತದೆ. ಆ ಎರಡನ್ನೂ ಮುಂದಿಟ್ಟುಕೊಂಡು, ಕೈ ಸಾಲುತ್ತಿಲ್ಲ ಎನಿಸಿದರೆ ತಿಂಗಳು ತಿಂಗಳ ಲೆಕ್ಕದಲ್ಲಿ ಯಾರನ್ನಾದರೂ ಗೊತ್ತುಮಾಡಿ. ಆರು ತಿಂಗಳ ಕರಾರು ಬೇಡ. ಎಫ್‌ಡಿ ಮುರಿಯುವುದಂತೂ ಬೇಡ.

ಇನ್ನು ಮಗನ ವಿಷಯ. ಆ ಮಂಗಳವಾರ ಅಡುಗೆಮನೆಯ ಬಾಗಿಲ ಬಳಿ ಫೋನು ಹಿಡಿದು ಕೂತ ಹುಡುಗನನ್ನು ನೋಡಿದೆ. ನಿಮ್ಮದೇ ಮೂಗು. ಮೇಜು ಒರೆಸುವ ಹುಡುಗ ತಡಮಾಡಿದಾಗ ಅವನೇ ಎದ್ದು, ಬಟ್ಟೆ ಹಿಂಡಿ, ನಾಲ್ಕು ಮೂಲೆಯೂ ಒರೆಸಿದ. ಕಂಪನಿ ಕೆಲಸ ಬಿಟ್ಟು ಬಂದವನು ಹೀಗೆ ಮಾಡಬೇಕಾದರೆ ಅವನಿಗೆ ಹೋಟೆಲು ಬೇಕು. ಒಂದು ವರ್ಷದಿಂದ ಅವನಿಗೆ ಅಲ್ಲಿ ಕೂರಲು ಜಾಗವಿದೆ, ತನ್ನದೆನ್ನುವ ಕೆಲಸವಿಲ್ಲ. ಏಜೆನ್ಸಿಯನ್ನು ಕರೆತಂದದ್ದು ಆ ಕೆಲಸವನ್ನು ಹುಡುಕಿಕೊಂಡು ಎಂದು ನನಗನಿಸುತ್ತದೆ. ಮೇಲೆ ಬರೆದದ್ದನ್ನೆಲ್ಲ ಅವನಿಗೆ ವಹಿಸಿ. ತಿಂಗಳಿಗೆ ಇಂತಿಷ್ಟು ಎಂದು ಸಣ್ಣ ಮೊತ್ತವನ್ನು ಅವನ ಕೈಗಿಡಿ, ಪ್ರತಿ ರೂಪಾಯಿಗೂ ಕಾರಣ ಕೇಳಬೇಡಿ, ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಸಾಕು. ದುಡ್ಡು ಹೋದರೂ ಮಗ ಉಳಿಯಲಿ ಎಂದು ಬರೆದಿರಿ. 1,80,000 ಹೊರಗಿನವರಿಗೆ ಕೊಟ್ಟರೆ ಅವನು ಮತ್ತೆ ಅದೇ ಮೂಲೆಯಲ್ಲಿ ಕೂತು ನೋಡುತ್ತಿರಬೇಕಾಗುತ್ತದೆ.

ಮಾತು ಶುರುಮಾಡುವುದು ಹೇಗೆ ಎನ್ನುವಿರಾದರೆ ಒಂದು ದಾರಿ ಇದೆ. ನಿಮ್ಮ ಪುಟದ 212 ರಿವ್ಯೂಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಅದರಲ್ಲಿ ಎರಡು ವರ್ಷದ ಹಿಂದಿನದೊಂದಿದೆ, ಒಂದೇ ಸ್ಟಾರ್ ಕೊಟ್ಟಿದ್ದಾರೆ. ಮಗು ನೀರು ಚೆಲ್ಲಿದ್ದಕ್ಕೆ ಗಲ್ಲಾದಲ್ಲಿದ್ದ ಹಿರಿಯರು ಎಲ್ಲರೆದುರು ಗದರಿದರು, ಹತ್ತು ವರ್ಷದಿಂದ ಬರುತ್ತಿದ್ದೆವು, ಇನ್ನು ಬರುವುದಿಲ್ಲ ಎಂದು ತಾಯಿಯೊಬ್ಬರು ಮರಾಠಿಯಲ್ಲಿ ಬರೆದಿದ್ದಾರೆ. ಯಾರು ಆ ಹಿರಿಯರು ಎಂದು ನಾನು ಕೇಳುವುದಿಲ್ಲ. ಇವತ್ತು ರಾತ್ರಿ ಶಟರ್ ಎಳೆದ ಮೇಲೆ ಮಗನನ್ನು ಕರೆದು ಇದನ್ನು ಓದಿ ಹೇಳು ಎನ್ನಿ. ಉತ್ತರವನ್ನು ನೀವು ಹೇಳಿ, ಅವನು ಬರೆದುಕೊಳ್ಳಲಿ. ಅಂದು ತಪ್ಪಾಯಿತು, ಮಗುವನ್ನು ಕರೆದುಕೊಂಡು ಬನ್ನಿ ಎಂದಷ್ಟು ಸಾಕು. ಮರಾಠಿಯಲ್ಲೇ ಇರಲಿ. ಕೆಳಗೆ ನಿಮ್ಮ ಹೆಸರು ಹಾಕಿಸಿ.